ಸಂಗಪ್ಪನವರ ಹೆಸರಿನ ಲಿಲಾವು

ಇದು ಮೂರು ವರ್ಷದ ಹಿಂದಿನ ಮಾತು. ಯುಗಾದಿ ಮುಗಿದು ಹತ್ತು ಹದಿನೈದು ದಿನವಾಗಿತ್ತು. ನಾನು ಬಾಗಲಕೋಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಆಗಲೇ ಹದಿನೆಂಟು ವರ್ಷ ಅದೇ ಕೆಲಸ ಮಾಡಿದ್ದೆ. ರೋಗಿ ಬಾಗಿಲಲ್ಲಿ ಕಾಲಿಡುತ್ತಲೇ ಏನಾಗಿದೆ ಎಂದು ಅರ್ಧ ಹೇಳಬಲ್ಲೆ ಎಂಬ ಸಣ್ಣ ಹೆಮ್ಮೆಯೂ ಇತ್ತು.

ನನಗೆ ಗಿಡದ ಹುಚ್ಚು. ಅದರಲ್ಲೂ ಅಡೇನಿಯಂ. ಬುಡ ಉಳ್ಳಾಗಡ್ಡಿಯಂತೆ ಉಬ್ಬಿಕೊಂಡು ತುದಿಯಲ್ಲಿ ಕಣಗಿಲೆಯಂಥ ಹೂ ಬಿಡುವ ಗಿಡ ಅದು. ನಮ್ಮ ಕಡೆಯ ಬಿಸಿಲಿಗೆ ಬೇರೆ ಗಿಡಗಳು ಬಾಡಿದರೆ ಇದು ಮಾತ್ರ ಸೊಕ್ಕಿ ಬೆಳೆಯುತ್ತದೆ. ನವನಗರದ ನಮ್ಮ ಬಾಡಿಗೆ ಮನೆಯ ಮಾಳಿಗೆ ತುಂಬ ಅದರ ಕುಂಡಗಳೇ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನಲ್ಲಿ ನನ್ನಂಥವರು ಮೂವತ್ತು ಮಂದಿ ಇದ್ದೇವೆ. ಬ್ಯಾಂಕಿನ ಜವಾನರಿದ್ದಾರೆ, ಬಾದಾಮಿಯ ಗೈಡ್ ಒಬ್ಬರಿದ್ದಾರೆ, ಶಿರೂರಿನ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕ ಇದ್ದಾರೆ. ನಮ್ಮದೊಂದು ವಾಟ್ಸಾಪ್ ಗುಂಪು.

ಈ ಮೂವತ್ತು ಮಂದಿಯನ್ನು ಕೂಡಿಸಿದವರು ಸಂಗಪ್ಪನವರು. ಸರ್ಕಾರಿ ಬಸ್ಸಿನ ಡ್ರೈವರ್. ಇಳಕಲ್ಲಿನ ನೇಕಾರ ಮನೆತನ. ಅಣ್ಣಂದಿರು ಮಗ್ಗದಲ್ಲಿ ಉಳಿದರು, ಇವರು ಸ್ಟೇರಿಂಗ್ ಹಿಡಿದರು. ಆದರೂ ಗಿಡಕ್ಕೆ ಕಸಿ ಕಟ್ಟಲು ಅಣ್ಣನ ಮಗ್ಗದಲ್ಲಿ ಉಳಿದ ರೇಷ್ಮೆ ಎಳೆಯೇ ಆಗಬೇಕು. ಪ್ಲಾಸ್ಟಿಕ್ ಪಟ್ಟಿ ಗಿಡವನ್ನು ಉಸಿರುಗಟ್ಟಿಸುತ್ತದೆ ಎನ್ನುತ್ತಿದ್ದರು. ಇಳಕಲ್ಲಿನಿಂದ ಹುನಗುಂದದ ಮೇಲೆ ಬಾಗಲಕೋಟೆ, ಕೆಲವು ದಿನ ಬಾದಾಮಿಯ ತನಕ ಅವರ ಪಾಳಿ. ಸೀಟಿನ ಹಿಂದೆ ಒಂದು ರಟ್ಟಿನ ಡಬ್ಬಿ, ಅದರೊಳಗೆ ನಾಲ್ಕೈದು ಸಣ್ಣ ಗಿಡ. ಒಂದೊಂದಕ್ಕೂ ಯಾರಿಗೆ ಸೇರಬೇಕೆಂದು ಬರೆದ ಚೀಟಿ. ನಾವು ನಮ್ಮ ನಮ್ಮ ಸ್ಟಾಪಿನಲ್ಲಿ ನಿಂತಿದ್ದರೆ ಕಿಟಕಿಯಿಂದ ಕೈಗೆ ಕೊಡುತ್ತಿದ್ದರು. ಒಂದು ಗಿಡಕ್ಕೂ ದುಡ್ಡು ತೆಗೆದುಕೊಂಡವರಲ್ಲ. "ನಿಮ್ಮದು ದೊಡ್ಡದಾದ ಮ್ಯಾಲ ಒಂದು ಟೊಂಗಿ ಮತ್ತೊಬ್ರಿಗೆ ಕೊಡ್ರಿ, ಸಾಕು," ಅಷ್ಟೇ ಅವರ ಮಾತು.

ಆ ದಿನ ಬೆಳಿಗ್ಗೆ ನಾನು ಆಸ್ಪತ್ರೆಗೆ ಹೊರಟಿದ್ದೆ. ತಡವಾಗಿತ್ತು. ನವನಗರ ಬಸ್ ನಿಲ್ದಾಣದ ಮುಂದೆ ಸಂಗಪ್ಪನವರು ಚಹಾ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಕೈ ಮಾಡಿದರು.

"ಸಿಸ್ಟರ್, ನೀವು ಕೇಳಿದ್ದ ಹಳದಿ ಜೋಡಿ ಎಸಳಿಂದು ಕಟ್ಟೀನ್ರಿ. ಹಿಡಿದೈತಿ. ಇನ್ನ ಹದಿನೈದು ದಿನ ತಡೀರಿ."

"ಆತ್ರಿ ಅಣ್ಣಾರ," ಎಂದು ಮುಂದೆ ಹೆಜ್ಜೆ ಹಾಕಿದೆ.

"ಸಿಸ್ಟರ್," ಮತ್ತೆ ಕರೆದರು. "ಎರಡು ಮೂರು ದಿನಾತು, ಇಲ್ಲೆ ಎದಿಯಾಗ ಒಂಥರಾ ಉರೀತೈತ್ರಿ. ಗೇರ್ ಎಳಿಯೂ ಮುಂದ ಜಾಸ್ತಿ ಆಗತೈತಿ. ಗ್ಯಾಸ್ ಇರಬೇಕೇನ್ರಿ?"

ನಾನು ಅವರ ಮುಖ ನೋಡಿದೆ. ನಗುತ್ತಿದ್ದರು. ಕೈಯಲ್ಲಿ ಚಹಾ ಇತ್ತು. "ಗ್ಯಾಸ್ ಇರಬೇಕ್ರಿ. ಖಾಲಿ ಹೊಟ್ಟಿಲೆ ಚಹಾ ಕುಡೀತೀರಿ, ಮತ್ತೇನಾಗತೈತಿ? ಗ್ಯಾಸಿನ ಗುಳಿಗಿ ತಗೋರಿ," ಎಂದು ಹೇಳಿ ಆಟೊ ಹತ್ತಿದೆ.

ನಾಲ್ಕನೇ ದಿನ ಬೆಳಿಗ್ಗೆ ಗುಂಪಿನಲ್ಲಿ ಸುದ್ದಿ ಬಂತು. ಮೊದಲ ಟ್ರಿಪ್ಪಿಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದಾಗ ಸಂಗಪ್ಪನವರು ಮನೆಯಲ್ಲೇ ಕುಸಿದುಬಿದ್ದಿದ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯಾಘಾತ. ಐವತ್ತೆರಡು ವರ್ಷ.

ನಾನು ಆ ಹೊತ್ತಿಗೆ ಡ್ಯೂಟಿಯಲ್ಲಿದ್ದೆ. ಪಕ್ಕದಲ್ಲೇ ಇಸಿಜಿ ಮಷಿನ್ ಇತ್ತು. ದಿನಕ್ಕೆ ಹತ್ತಾರು ಜನರ ಎದೆಗೆ ನಾನೇ ಅದರ ವೈರು ಹಚ್ಚುತ್ತೇನೆ. ಬಸ್ ನಿಲ್ದಾಣದಿಂದ ಆಸ್ಪತ್ರೆ ಆಟೊದಲ್ಲಿ ಹತ್ತು ನಿಮಿಷ. "ಬರ್ರಿ ಅಣ್ಣಾರ, ಒಂದು ಇಸಿಜಿ ತಗಿಯೂಣು" ಎಂದಿದ್ದರೆ ಬಾಯಿಗೇನಾಗುತ್ತಿತ್ತು? ಈ ಮಾತನ್ನು ಯಾರ ಮುಂದೆಯೂ ಹೇಳಲಿಲ್ಲ. ಮನೆಯವರ ಮುಂದೆಯೂ ಇಲ್ಲ. ಇಳಕಲ್ಲಿಗೆ ಮಣ್ಣಿಗೆ ಹೋಗಲೂ ಧೈರ್ಯವಾಗಲಿಲ್ಲ. ರಜೆ ಸಿಗಲಿಲ್ಲವೆಂದು ಗುಂಪಿನಲ್ಲಿ ಬರೆದೆ. ಅದು ಸುಳ್ಳು.

ತಿಂಗಳ ನಂತರ ಗುಂಪಿನವರು ಸಂಗಪ್ಪನವರ ನೆನಪಿಗೆ ಏನಾದರೂ ಮಾಡಬೇಕೆಂದರು. ಒಬ್ಬರು ಕಲ್ಲಿನ ಬೆಂಚು ಎಂದರು, ಒಬ್ಬರು ಫೋಟೊ ಎಂದರು. ನಾನು ಬರೆದೆ: ನಾಲ್ಕೂ ಊರಿನ ಬಸ್ ಡ್ರೈವರ್, ಕಂಡಕ್ಟರ್‌ಗಳಿಗೆ ಒಂದು ದಿನ ಹೃದಯ ತಪಾಸಣೆ ಮಾಡಿಸೋಣ, ಖರ್ಚಿಗೆ ಗಿಡಗಳ ಹರಾಜು ಹಾಕೋಣ. ಬಹುತೇಕ ಎಲ್ಲರೂ ಒಪ್ಪಿದರು. "ಸಿಸ್ಟರ್ ಮನಸ್ಸು ದೊಡ್ಡದು" ಎಂದು ಒಬ್ಬರಾದ ಮೇಲೊಬ್ಬರು ಬರೆದರು. ಅದನ್ನು ಓದಿ ನಾನು ಫೋನ್ ಬೋರಲು ಹಾಕಿ ಇಟ್ಟೆ.

ಒಪ್ಪದವರು ಒಬ್ಬರೇ, ಹುನಗುಂದದ ಕುಲಕರ್ಣಿ ಕಾಕಾ. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ನನಗೇ ಫೋನ್ ಮಾಡಿದರು.

"ಅಲ್ಲವಾ, ಅಂವ ಜೀವಮಾನದಾಗ ಒಂದು ಗಿಡಕ್ಕ ಒಂದು ರೂಪಾಯಿ ಮುಟ್ಟಲಿಲ್ಲ. ಅಂವ ಸತ್ತ ಮ್ಯಾಲ ಅವನ ಗಿಡಾ ತಂದು ನಾವು ಲಿಲಾವು ಹಾಕೋದೇನು?"

ಎರಡು ದಿನ ಬಿಟ್ಟು ಅವರೇ ಮತ್ತೆ ಫೋನ್ ಮಾಡಿದರು. "ಒಂದು ವಿಚಾರ ಬಂತು. ಅವನ ಮನಿ ಗಿಡಾ ಮುಟ್ಟೋದು ಬ್ಯಾಡ. ಅಂವ ಕೊಟ್ಟದ್ದು ನಮ್ಮ ನಮ್ಮ ಮನ್ಯಾಗ ಬೆಳದದ ಅಲ್ಲ, ಅದರಿಂದ ನಾವು ಮಾಡಿದ ಸಸಿ ತರೋಣು. ಅದು ನಮ್ಮ ದುಡಿಮಿ. ಅದನ್ನ ಮಾರಬಹುದು. ನಮ್ಮ ಅಂಗಳದಾಗ ಬೇವಿನ ಗಿಡದ ನೆರಳದ, ಇಲ್ಲೇ ಮಾಡ್ರಿ."

ಒಂದು ಭಾನುವಾರ ಬೆಳಿಗ್ಗೆ ಹುನಗುಂದದಲ್ಲಿ ಸೇರಿದೆವು. ಬಸ್ಸಿನಲ್ಲಿ ಕುಂಡಗಳನ್ನು ತೊಡೆಯ ಮೇಲಿಟ್ಟುಕೊಂಡು ಬಂದವರೇ ಹೆಚ್ಚು. ಬೇವಿನ ಕೆಳಗೆ ಸಾಲಾಗಿ ಇಟ್ಟಾಗ ನೂರಕ್ಕೂ ಮೇಲೆ ಗಿಡಗಳಾದವು. ಎಲ್ಲವೂ ಒಬ್ಬ ಡ್ರೈವರ್ ಕಿಟಕಿಯಿಂದ ಕೊಟ್ಟ ಗಿಡಗಳ ಮಕ್ಕಳು, ಮೊಮ್ಮಕ್ಕಳು.

ಹರಾಜು ಕೂಗುವ ಕೆಲಸ ನಮ್ಮ ಗುಂಪಿನ ಮಹಾಂತೇಶನದು. ಅವನು ಬಾಗಲಕೋಟೆಯ ಮಾರುಕಟ್ಟೆಯಲ್ಲಿ ದಿನವೂ ಉಳ್ಳಾಗಡ್ಡಿ ಹರಾಜು ಕೂಗುವವನು. ಇಲ್ಲೂ ಅದೇ ವೇಗದಲ್ಲಿ ಶುರು ಮಾಡಿದ. ಯಾರಿಗೂ ಅವನು ಎಷ್ಟಕ್ಕೆ ಮುಟ್ಟಿದನೆಂದೇ ತಿಳಿಯಲಿಲ್ಲ. ಶಿರೂರಿನ ಅಕ್ಕ ಸೊಳ್ಳೆ ಹೊಡೆಯಲು ಕೈ ಎತ್ತಿ ಒಂದು ಗಿಡ ಕೊಂಡುಬಿಟ್ಟರು. ಒಂದು ದಪ್ಪ ಬುಡದ ಗಿಡ ಎತ್ತಿ ಹಿಡಿದು ಮಹಾಂತೇಶ, "ನೋಡ್ರಿ, ಗಡ್ಡಿ ಗಟ್ಟಿ ಐತಿ, ಕೊಳಿಯೂದಿಲ್ಲ, ಆರು ತಿಂಗಳ ಇಟ್ರೂ ತೂಕ ಕಡಿಮಿ ಆಗೂದಿಲ್ಲ" ಎಂದಾಗ ಕುಲಕರ್ಣಿ ಕಾಕಾ ಕೂಡ ನಕ್ಕರು. ಆಮೇಲೆ ಹರಾಜು ಜೋರಾಗಿ ನಡೆಯಿತು.

ಅರ್ಧ ಮುಗಿದಾಗ ಗೇಟಿನ ಹತ್ತಿರ ಒಬ್ಬ ಹೆಣ್ಣುಮಗಳು ಬಂದು ನಿಂತರು. ಇಳಕಲ್ ಸೀರೆ, ಕೈಯಲ್ಲಿ ಒಂದು ಚೀಲ. ಕಾಕಾ ಎದ್ದು ಹೋಗಿ ಕರೆತಂದರು. ಸಂಗಪ್ಪನವರ ಹೆಂಡತಿ ಶಾಂತವ್ವ. ನಾನು ಅವರನ್ನು ನೋಡಿದ್ದು ಅದೇ ಮೊದಲು. ಮಹಾಂತೇಶ ಕೂಗುವುದನ್ನು ನಿಲ್ಲಿಸಿ, "ಅಕ್ಕಾರ, ಈ ವಿಚಾರ ಮಾಡಿದವರು ನಮ್ಮ ಸಿಸ್ಟರ್ ನೋಡ್ರಿ," ಎಂದು ನನ್ನ ಕಡೆ ಕೈ ತೋರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಶಾಂತವ್ವ ಚೀಲದಿಂದ ಒಂದು ಸಣ್ಣ ಕುಂಡ ತೆಗೆದರು. "ನೀವ ಏನ್ರಿ ಸಿಸ್ಟರ್? ಹಂಗಾರ ಇದು ನಿಮ್ದು. ಮಾಳಿಗಿ ಮ್ಯಾಲ ಇತ್ತು. ಚೀಟ್ಯಾಗ ಸಿಸ್ಟರ್ ಅಂತ ಬರದಾರ. ಯಾವ ಸಿಸ್ಟರ್ ಅಂತ ನನಗ ಗೊತ್ತಿರಲಿಲ್ಲ."

ಹಳದಿ ಹೂವಿನ ಕಸಿ. ಕಟ್ಟಿದ ರೇಷ್ಮೆ ಎಳೆ ಇನ್ನೂ ಹಾಗೇ ಇತ್ತು. ನಾನು ಕೈ ಚಾಚಲಿಲ್ಲ. ಚಾಚಲು ಆಗಲಿಲ್ಲ. "ಅಕ್ಕಾರ, ಒಂದೀಟು ಈ ಕಡಿ ಬರ್ರಿ," ಎಂದು ಅವರನ್ನು ಹಿತ್ತಲಿನ ನೀರಿನ ತೊಟ್ಟಿಯ ಹತ್ತಿರ ಕರೆದುಕೊಂಡು ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ. ಬಸ್ ನಿಲ್ದಾಣ, ಚಹಾ, ಎದೆ ಉರಿ, ನಾನು ಹೇಳಿದ ಗುಳಿಗೆ, ಹತ್ತಿದ ಆಟೊ. ಮಣ್ಣಿಗೆ ಬರದಿರಲು ಹೇಳಿದ ಸುಳ್ಳನ್ನೂ ಹೇಳಿದೆ.

ಶಾಂತವ್ವ ಕುಂಡವನ್ನು ತೊಟ್ಟಿಯ ಕಟ್ಟೆಯ ಮೇಲೆ ಇಟ್ಟರು. ಅಂಗಳದಿಂದ ಮಹಾಂತೇಶನ ಕೂಗು ಕೇಳುತ್ತಿತ್ತು. ಆಮೇಲೆ ಕೇಳಿದರು:

"ಅವತ್ತ ನೀವು ಆ ಮಷಿನ್ ಹಚ್ಚಿದ್ರ ಗೊತ್ತಾಗತಿತ್ತೇನ್ರಿ?"

ಇಲ್ಲ ಎಂದು ಹೇಳಬಹುದಿತ್ತು. ಹೇಳಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತೇನೋ. "ಗೊತ್ತಾಗತಿತ್ತೇನೋ ಅಕ್ಕಾರ. ಒಮ್ಮೊಮ್ಮೆ ಅದರಾಗೂ ಕಾಣಸೂದಿಲ್ಲ. ಆದ್ರ ನಾ ಹಚ್ಚಬೇಕಾಗಿತ್ತು," ಎಂದೆ.

ಅವರು ತಲೆ ಆಡಿಸಿದರು. "ಬಂದವ್ರೆಲ್ಲಾ ಆಯುಷ್ಯ ಇಷ್ಟ ಇತ್ತು, ದೇವರ ಇಚ್ಛಾ ಅಂತಾರ. ನೀವೊಬ್ರು ಖರೆ ಹೇಳಿದ್ರಿ." ಸೆರಗಿನಿಂದ ಮುಖ ಒರೆಸಿಕೊಂಡರು. "ನನಗ ನಿಮ್ಮಕಿಂತ ಮೊದಲ ಹೇಳಿದ್ರು, ಸಿಸ್ಟರ್. ಎರಡು ದಿನ ಬಿಡದ ಹೇಳಿದ್ರು. ನಾ ಓಂಕಾಳು ಹುರದು ಕೊಟ್ಟೆ. ಒಂದಿನ ಸಿಟ್ಟಿಗೆದ್ದು, ಹಾದ್ಯಾಗ ಸಿಕ್ಕದ್ದೆಲ್ಲಾ ಭಜಿ ತಿಂತೀರಿ, ಎದಿ ಉರೀದ ಏನಾಗತೈತಿ ಅಂತ ಬೈದೆ. ಅದರ ಮರುದಿನದಿಂದ ನನ್ನ ಮುಂದ ಹೇಳೂದ ಬಿಟ್ರು. ಕಡಿಮಿ ಆಗೇತಿ ಅಂತ ನಾ ತಿಳಕೊಂಡೆ."

ಮತ್ತೆ ಹೇಳಿದರು: "ಇದನ್ನ ನಾ ಯಾರ ಮುಂದ ಹೇಳಲಿ? ಮಕ್ಕಳ ಮುಂದ ಹೇಳಲ್ಯಾ? ಅವರ ಅಣ್ಣಂದಿರ ಮುಂದ ಹೇಳಲ್ಯಾ?"

ನಾನು ಅವರ ಕೈ ಹಿಡಿದುಕೊಂಡೆ. ಹದಿನೆಂಟು ವರ್ಷದಲ್ಲಿ ಎಷ್ಟೋ ಹೆಣ್ಣುಮಕ್ಕಳ ಕೈ ಹಿಡಿದು ಸಮಾಧಾನ ಮಾಡಿದ್ದೇನೆ. ಆ ದಿನ ಯಾರು ಯಾರ ಕೈ ಹಿಡಿದಿದ್ದರೋ ಹೇಳುವುದು ಕಷ್ಟ. ಇಬ್ಬರೂ ಅತ್ತೆವು. ಕಾಕಾ ಅವರ ಮನೆಯಾಕೆ ನೀರು ತರಲು ಬಂದವರು ನಮ್ಮನ್ನು ನೋಡಿ, ಖಾಲಿ ಕೊಡ ಹಿಡಿದುಕೊಂಡೇ ಒಳಗೆ ಹೋದರು.

ಅಂಗಳಕ್ಕೆ ಮರಳುವಾಗ ಶಾಂತವ್ವ ಕುಂಡವನ್ನು ನನ್ನ ಕೈಗೆ ಕೊಟ್ಟರು. "ಇದನ್ನೂ ಲಿಲಾವಿಗೆ ಇಡ್ತೇನ್ರಿ ಅಕ್ಕಾರ," ಎಂದೆ. "ಇಡಬ್ಯಾಡ್ರಿ," ಎಂದರು. "ಅವರು ಕೊಡಬೇಕು ಅಂದದ್ದನ್ನ ನಾ ಮಾರಾಕ ಬಿಡೂದಿಲ್ಲ."

ಎರಡು ತಿಂಗಳಲ್ಲಿ ತಪಾಸಣೆ ನಡೆಯಿತು. ನಮ್ಮ ಆಸ್ಪತ್ರೆಯ ಡಾಕ್ಟರ್ ಒಬ್ಬರು ಶುಲ್ಕವಿಲ್ಲದೆ ಬಂದರು. ಶಾಲೆಯೊಂದರ ಕೋಣೆಯಲ್ಲಿ ಮಷಿನ್ ಇಟ್ಟೆವು. ಬೆಳಿಗ್ಗೆ ಹತ್ತರ ತನಕ ಬಂದವರು ಐದೇ ಜನ. ಉಳಿದವರು ಹೊರಗೆ ಗುಂಪು ಕಟ್ಟಿ ನಿಂತು ನಗುತ್ತಿದ್ದರು. ನಮಗೇನಾಗೇತಿ, ಕಲ್ಲಿನಂಗ ಅದೀವಿ ಎನ್ನುತ್ತಿದ್ದರು. ಆ ದಿನ ನಮ್ಮ ಜೊತೆ ಬಂದು ಕೂತಿದ್ದ ಶಾಂತವ್ವ ಎದ್ದು ಅವರ ನಡುವೆ ಹೋದರು. "ನಮ್ಮ ಮನಿಯವರೂ ಹಿಂಗ ನಗತಿದ್ರು," ಎಂದರು. ಅಷ್ಟೇ. ಒಬ್ಬೊಬ್ಬರೇ ಒಳಗೆ ಬಂದು ಅಂಗಿಯ ಗುಂಡಿ ಬಿಚ್ಚತೊಡಗಿದರು.

ಅವರಲ್ಲಿ ಒಬ್ಬ ಕಂಡಕ್ಟರ್. ಸಂಗಪ್ಪನವರ ಜೊತೆ ಆರು ವರ್ಷ ಒಂದೇ ಬಸ್ಸಿನಲ್ಲಿ ದುಡಿದವನು. ಅವನ ಇಸಿಜಿ ಹೊರಬರುವಾಗಲೇ ನಾನು ಡಾಕ್ಟರನ್ನು ಕೂಗಿದೆ. ಡಾಕ್ಟರ್ ಆ ದಿನವೇ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಸ್ಟೆಂಟ್ ಹಾಕಿದರು. ಈಗ ಮತ್ತೆ ಅದೇ ಹಾದಿಯಲ್ಲಿ ಟಿಕೆಟ್ ಹರಿಯುತ್ತಿದ್ದಾನೆ. ನನ್ನನ್ನು ಕಂಡರೆ ಕೈ ಮುಗಿಯುತ್ತಾನೆ. ಮುಗಿಯಬೇಡವೆಂದು ಎಷ್ಟೋ ಸಲ ಹೇಳಿದ್ದೇನೆ.

ಅವನೊಬ್ಬ ಉಳಿದದ್ದರಿಂದ ಸಂಗಪ್ಪನವರ ವಿಷಯದಲ್ಲಿ ನನ್ನ ತಪ್ಪು ಅಳಿಸಿಹೋಯಿತೆಂದು ನಾನು ತಿಳಿದಿಲ್ಲ. ಅದು ಇದೆ. ಆದರೆ ಅದನ್ನು ಬಚ್ಚಿಟ್ಟುಕೊಂಡು ತಿರುಗುವ ಕಷ್ಟ ಈಗಿಲ್ಲ. ಎದೆ ಉರಿ ಎಂದು ಯಾರೇ ಅಂದರೂ, ಬಸ್ಸಿನಲ್ಲಾಗಲಿ ಸಂತೆಯಲ್ಲಾಗಲಿ, ನಿಂತು ಪೂರ್ತಿ ಕೇಳುತ್ತೇನೆ. ಡ್ಯೂಟಿಗೆ ತಡವಾದರೆ ಆಗಲಿ.

ಇಳಕಲ್ಲಿನಿಂದ ಶಾಂತವ್ವನ ಫೋನ್ ಆಗಾಗ ಬರುತ್ತದೆ. ಅವರ ಓಣಿಯಲ್ಲಿ ಯಾರಿಗೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಮೊದಲು ಅವರಿಗೆ ತಿಳಿಯುತ್ತದೆ. ಹೋದ ವಾರವೂ ಮಾಡಿದ್ದರು.

"ಸಿಸ್ಟರ್, ಬಾಜೂ ಮನಿಯಾಂವಗ ಮುಂಜಾನಿಂದ ಎದಿ ಹಿಡದೈತಿ ಅಂತ. ಗ್ಯಾಸ್ ಐತಿ, ಬ್ಯಾಡ ಬಿಡ್ರಿ ಅಂತಾನ. ಏನ್ ಮಾಡ್ಲಿ?"

"ಹೊತ್ತು ಕಳೀಬ್ಯಾಡ್ರಿ ಅಕ್ಕಾರ. ಅಲ್ಲೇ ಇಳಕಲ್ ದವಾಖಾನಿಗೆ ಈಗಿಂದೀಗ ಕರಕೊಂಡು ಹೋಗ್ರಿ," ಎಂದೆ. "ಗ್ಯಾಸ್ ಅಂತ ಡಾಕ್ಟರ್ ಹೇಳಿದ್ರ ಆಮ್ಯಾಲ ಎಲ್ಲಾರೂ ಕೂಡಿ ನಗೂಣು."

"ಆಟೊ ನಿಲ್ಲಿಸೇ ಫೋನ್ ಮಾಡೀನ್ರಿ," ಎಂದರು ಶಾಂತವ್ವ.