ತಮ್ಮನಿಗೆ ಓದಿ ಹೇಳಿದ ಬುದ್ಧ

ಹೋದ ವಾರ ಕೊರಟಗೆರೆಯಿಂದ ಮಧುಗಿರಿಗೆ ಬರುವಾಗ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೆಂಗಸು ಪುಟ್ಟ ಬಾಟಲಿಯೊಂದನ್ನು ತೆಗೆದು ಕರವಸ್ತ್ರಕ್ಕೆ ಎರಡು ಹನಿ ನೀಲಗಿರಿ ಎಣ್ಣೆ ಹಾಕಿಕೊಂಡರು. ಕಿಟಕಿಯ ಗಾಳಿಗೆ ವಾಸನೆ ಹಿಂದಕ್ಕೆ ಬಂತು. ಮೇಷ್ಟ್ರು ಪಕ್ಕದಲ್ಲಿ ಬಂದು ಕೂತಂತಾಯಿತು. ಅವರಿಗೆ ಬಸ್ ಪ್ರಯಾಣ ಆಗುತ್ತಿರಲಿಲ್ಲ. ತುಮಕೂರಿಗೆ ಹೋಗಬೇಕಾದರೂ ಹಿಂದಿನ ದಿನವೇ ನೀಲಗಿರಿ ಎಣ್ಣೆ ಇದೆಯೇ ಎಂದು ನೋಡಿಕೊಳ್ಳುತ್ತಿದ್ದರು...

ಹೈಸ್ಕೂಲಿನಲ್ಲಿ ನನಗೆ ಸಮಾಜ ವಿಜ್ಞಾನ ಹೇಳಿಕೊಟ್ಟವರು ಅವರು. ಊರಿನ ಕೆಲವೇ ಕ್ರೈಸ್ತ ಮನೆಗಳಲ್ಲಿ ಅವರದೂ ಒಂದು. ಭಾನುವಾರದ ಆರಾಧನೆಯಲ್ಲಿ ಬೈಬಲ್ ವಾಕ್ಯ ಓದುವ ಕೆಲಸ ಅವರದೇ ಆಗಿತ್ತು. ನಿವೃತ್ತರಾದ ಮೇಲೆ ಸಂಜೆ ಹೊತ್ತು ನಮ್ಮ ಪತ್ರಿಕೆಯ ಮಧುಗಿರಿ ಕಚೇರಿಗೆ ಬಂದು ಕೂರುತ್ತಿದ್ದರು. ಆ ದಿನದ ಸಂಚಿಕೆ ತೆರೆದು, ಕೆಂಪು ಪೆನ್ನಿನಿಂದ ನಮ್ಮ ತಪ್ಪುಗಳಿಗೆ ಸುತ್ತು ಹಾಕಿ, ಏನೂ ಹೇಳದೆ ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದರು.

ಆಗ ನಾನು ವಾರಕ್ಕೊಂದು ಪುಟ ನೋಡಿಕೊಳ್ಳುತ್ತಿದ್ದೆ. ಅದರಲ್ಲಿ ಒಂದು ಅಂಕಣವಿತ್ತು. ಒಂದು ಧರ್ಮದವರು ಇನ್ನೊಂದು ಧರ್ಮದ ಹುಟ್ಟು, ನಂಬಿಕೆಗಳ ಬಗ್ಗೆ ಬರೆಯಬೇಕು. ಎಲ್ಲಿ ಒಪ್ಪುತ್ತೀರಿ, ಎಲ್ಲಿ ಒಪ್ಪುವುದಿಲ್ಲ ಎಂಬುದನ್ನೂ ಹೇಳಬಹುದು. ಸಿರಾದ ಗಡಿಯಾರ ರಿಪೇರಿಯ ಸಾಹೇಬರೊಬ್ಬರು ಜೈನರ ಬಗ್ಗೆ ಬರೆದಿದ್ದರು. ಅದಕ್ಕೆ ನಾನು ಇಟ್ಟುಕೊಂಡಿದ್ದ ನಿಯಮ ಒಂದೇ: ಅಚ್ಚಿಗೆ ಮೊದಲು ಲೇಖನವನ್ನು ಆ ಧರ್ಮದವರೊಬ್ಬರಿಗೆ ಓದಿ ಹೇಳಬೇಕು. ಇದು ನಮ್ಮದೇ ಹೌದು ಎಂದು ಅವರು ಒಪ್ಪಬೇಕು. ಒಪ್ಪದಿದ್ದರೆ ಅದನ್ನೂ ಕೊನೆಯಲ್ಲಿ ಹಾಕಬೇಕು.

ಮೇಷ್ಟ್ರು ಬೌದ್ಧ ಧರ್ಮ ಆರಿಸಿಕೊಂಡರು. ಹಳೆಯ ಪ್ರಶ್ನೆಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ಆರು ಪುಟ ಬರೆದು ತಂದರು. ಲುಂಬಿನಿಯಲ್ಲಿ ಹುಟ್ಟಿದ ರಾಜಕುಮಾರ, ಅವನು ಕಂಡ ಮುದುಕ, ರೋಗಿ, ಹೆಣ, ಸನ್ಯಾಸಿ. ಮನೆ ಬಿಟ್ಟು ಹೊರಟಿದ್ದು. ಉಪವಾಸದಿಂದ ಬಡಕಲಾಗಿ ಅದೂ ದಾರಿಯಲ್ಲವೆಂದು ತಿಳಿದಿದ್ದು. ಮರದ ಕೆಳಗಿನ ಅರಿವು, ಸಾರನಾಥದ ಮೊದಲ ಉಪದೇಶ. ದುಃಖವಿದೆ, ಅದಕ್ಕೆ ಆಸೆ ಕಾರಣ, ಅದು ಕೊನೆಯಾಗಬಲ್ಲದು, ಕೊನೆಗಾಣಿಸಲು ಎಂಟು ಬಗೆಯ ನಡೆಯಿದೆ ಎಂಬ ನಾಲ್ಕು ಸತ್ಯಗಳನ್ನು ಪಾಠದಷ್ಟು ಸ್ಪಷ್ಟವಾಗಿ ವಿವರಿಸಿದ್ದರು. ಕರುಣೆಯ ವಿಷಯದಲ್ಲಿ ಬುದ್ಧನೂ ಯೇಸುವೂ ಒಂದೇ ಬೀದಿಯ ಜನ ಎಂದಿದ್ದರು. ಆಮೇಲೆ ತಮ್ಮ ಅಭಿಪ್ರಾಯ ಬರೆದಿದ್ದರು: ಈ ಧರ್ಮದಲ್ಲಿ ಸೃಷ್ಟಿಕರ್ತನಿಲ್ಲ, ಪ್ರಾರ್ಥನೆ ಕೇಳುವವನಿಲ್ಲ. ಕೊನೆಗೆ ಮನುಷ್ಯ ದೀಪದಂತೆ ಆರಿಹೋಗುತ್ತಾನೆ, ಅದನ್ನೇ ಬಿಡುಗಡೆ ಎನ್ನುತ್ತಾರೆ. ಸಾವಿನ ಮುಂದೆ ಈ ಧರ್ಮಕ್ಕೆ ಹೇಳಲು ಮಾತಿಲ್ಲ.

ಬರವಣಿಗೆ ಚೆನ್ನಾಗಿತ್ತು. "ಬೌದ್ಧರಿಗೆ ಯಾರಿಗಾದ್ರೂ ಓದಿ ಹೇಳಿದ್ರಾ ಸಾರ್?" ಎಂದು ಕೇಳಿದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಂಗೊತ್ತಿರೋ ಬೌದ್ಧ ಒಬ್ನೇ ಕಣಯ್ಯ. ನನ್ನ ತಮ್ಮ."

"ಹಾಗಾದ್ರೆ ಸುಲಭವಾಯ್ತಲ್ಲ."

"ಎಲ್ಲಿ ಸುಲಭ... ಅವನ್ನ ಮಾತಾಡಿಸಿ ಒಂಬತ್ತು ವರ್ಷ ಆಯ್ತು."

ತುಮಕೂರಿನಲ್ಲಿ ಬೇರೆ ಯಾರನ್ನಾದರೂ ಹುಡುಕುತ್ತೇನೆ, ಫೋನಿನಲ್ಲಿ ಓದಿ ಹೇಳೋಣ ಎಂದೆ. ಅವರು ಪುಟಗಳನ್ನು ಮಡಚಿಕೊಂಡು ಎದ್ದು ಹೋದರು. ಎರಡು ದಿನ ಕಚೇರಿಯ ಕಡೆ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪುಟಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು.

"ಪಾವಗಡದ ಬಸ್ಸು ಎಷ್ಟೊತ್ತಿಗೆ? ನೀನೂ ಬಾ. ಒಬ್ನೇ ಹೋದ್ರೆ ಬಾಗ್ಲಲ್ಲೇ ಜಗಳ ಆಗುತ್ತೆ. ಪೇಪರಿನೋನು ಪಕ್ಕದಲ್ಲಿದ್ರೆ ಇಬ್ರೂ ಮರ್ಯಾದೆಯಾಗಿರ್ತೀವಿ."

ಮಿಡಿಗೇಶಿ ದಾಟುವವರೆಗೆ ಅವರು ಕರವಸ್ತ್ರವನ್ನು ಮೂಗಿನಿಂದ ತೆಗೆಯಲಿಲ್ಲ. ಆಮೇಲೆ ಕಿಟಕಿಯ ಆಚೆ ನೋಡುತ್ತಲೇ ಹೇಳಿದರು. ತಮ್ಮನದು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಕೆಲಸ. ನಡುವಯಸ್ಸಿನಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡ. ಮೇಷ್ಟ್ರಿಗೆ ಬೇಸರವಾಯಿತು, ಆದರೆ ಹೋಗಿಬರುವುದು ನಿಂತಿರಲಿಲ್ಲ. ಆಮೇಲೆ ತಾಯಿ ತೀರಿಕೊಂಡರು. ಚರ್ಚಿನ ಸಭಾಪಾಲಕರು ಪ್ರಾರ್ಥನೆ ಮುಗಿಸಿ, ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕುವ ಹೊತ್ತಿಗೆ ತಮ್ಮನೂ ಮುಂದೆ ಬಂದು ಕೈಮುಗಿದು ಏನೋ ಹೇಳಲು ಬಾಯಿ ತೆರೆದ. "ಇಲ್ಲಿ ಅದೆಲ್ಲ ಬೇಡ" ಎಂದು ಮೇಷ್ಟ್ರು ಸಭೆಯವರ ಎದುರಿಗೇ ತಡೆದರು. ಅವನು ಮಣ್ಣು ಹಾಕಿ, ಊಟಕ್ಕೂ ನಿಲ್ಲದೆ ಬಸ್ ಹತ್ತಿದ...

ತಮ್ಮನ ಮನೆ ಪಾವಗಡದಿಂದ ಸ್ವಲ್ಪ ಆಚೆಗೆ, ಸೋಲಾರ್ ಪ್ಯಾನೆಲ್‌ಗಳು ಕಾಣುವ ಊರಿನಲ್ಲಿತ್ತು. ಅಂಗಳದಲ್ಲಿ ಕಡ್ಲೆಕಾಯಿ ಬಿಡಿಸುತ್ತಿದ್ದ ಹೆಂಗಸು ಮೇಷ್ಟ್ರನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದರು. "ಏಮಂಡಿ, ಬಾವ ವಚ್ಚಿನಾರು" ಎಂದು, ಭಾವ ಬಂದಿರುವುದನ್ನು ತೆಲುಗಿನಲ್ಲೇ ಗಂಡನಿಗೆ ಕೂಗಿ ಹೇಳಿದರು.

ತಮ್ಮ ಹೊರಗೆ ಬಂದರು. ಅದೇ ಮೂಗು, ಅದೇ ಹಣೆ. "ಏನಣ್ಣ, ದಾರಿ ತಪ್ತಾ?"

"ತಪ್ಪಿಲ್ಲ ಕಣ್ಲಾ. ಒಂದು ಬರ್ದಿದೀನಿ. ಓದ್ತೀನಿ, ಕೇಳಿಸ್ಕೊ. ಇವ್ರು ಪೇಪರ್ನವ್ರು."

"ಓಹೋ, ಸಾಕ್ಷಿ ಕರ್ಕಂಡೇ ಬಂದಿದೀಯ. ಕೂತ್ಕಳಿ ಸಾರ್."

ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು. ಅದರ ಪಕ್ಕದಲ್ಲಿ ಅವರ ತಾಯಿಯ ಫೋಟೊ. ಮೇಷ್ಟ್ರು ಅದನ್ನು ನೋಡಿ, ಕನ್ನಡಕ ಸರಿಮಾಡಿಕೊಂಡು ಓದಲು ಶುರುಮಾಡಿದರು. ಅವರ ತಮ್ಮ ಕಾಲು ಮಡಚಿ ಕೂತು ಕೇಳಿದರು. ನಾಲ್ಕು ಪುಟ ಮುಗಿದಾಗ ಹೆಂಡತಿಯ ಕಡೆ ತಿರುಗಿ, "ಪಾಠ ಚೆನ್ನಾಗಿ ಮಾಡ್ತಾನೆ ಕಣೆ. ನಂಗೂ ಇವ್ನೇ ಹೇಳ್ಕೊಟ್ಟಿದ್ರೆ ಪಾಸಾಗ್ತಿದ್ದೆ" ಎಂದರು. ಆಕೆ ನಕ್ಕರು. ದೀಪದ ಮಾತು ಬಂದಾಗ ತಮ್ಮನ ಮುಖ ಬಿಗಿದುಕೊಂಡಿತು.

"ಅದನ್ನ ಇನ್ನೊಂದ್ಸಲ ಓದು."

ಮೇಷ್ಟ್ರು ಓದಿದರು. ಸಾವಿನ ಮುಂದೆ ಹೇಳಲು ಮಾತಿಲ್ಲ ಎಂಬ ವಾಕ್ಯವನ್ನೂ ಓದಿದರು.

"ಮಾತಿಲ್ಲ ಅಂತ ಹೆಂಗ್ ಬರ್ದೆ? ಅವತ್ತು ಹೇಳಾಕೆ ಬುಟ್ಟಿದ್ರಲ್ವಾ ಗೊತ್ತಾಗೋದು?"

ಆ ಹೊತ್ತು ನಾನು ಬಂದಿದ್ದು ತಪ್ಪಾಯಿತೇನೋ ಅನ್ನಿಸಿತು. ಒಳಗೆ ಕುಕ್ಕರ್ ಎರಡು ಸಲ ಕೂಗಿತು. ಯಾರೂ ಏಳಲಿಲ್ಲ. ಮೇಷ್ಟ್ರು ಪುಟಗಳನ್ನು ಮಡಿಲಲ್ಲಿಟ್ಟುಕೊಂಡು, ತರಗತಿಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗ ಕೇಳುವಂತೆ ಕೇಳಿದರು: "ಏನ್ ಹೇಳ್ಬೇಕು ಅಂತಿದ್ದೆ ಅವತ್ತು?"

"ಮೂರು ಸಾಲು. ಬುದ್ಧಂಗೆ ಶರಣು, ಧಮ್ಮಕ್ಕೆ ಶರಣು, ಸಂಘಕ್ಕೆ ಶರಣು. ಆಮೇಲೆ, ಅವ್ವ ನೆಮ್ಮದಿಯಾಗಿರ್ಲಿ, ಇಲ್ಲಿ ನಿಂತಿರೋರೆಲ್ಲ ನೆಮ್ಮದಿಯಾಗಿರ್ಲಿ ಅಂತ."

"ಅಷ್ಟೇನಾ?"

"ಅಷ್ಟೇ."

ಮೇಷ್ಟ್ರು ತಾಯಿಯ ಫೋಟೊದ ಕಡೆ ತಿರುಗಿದರು. ಆ ಮೂರು ಸಾಲನ್ನು ವರ್ಷ ವರ್ಷವೂ ಕಪ್ಪುಹಲಗೆಯ ಮೇಲೆ ಬರೆದವರು ಅವರು. ನಾನೇ ಅದನ್ನು ನೋಟ್ಸಿಗೆ ಇಳಿಸಿಕೊಂಡಿದ್ದೆ. "ನಾನು ಏನೇನೋ ಅಂದ್ಕೊಂಬುಟ್ಟೆ ಕಣ್ಲಾ. ದೇವರಿಲ್ಲ ಅಂತ ಅಲ್ಲೇ ಭಾಷಣ ಮಾಡ್ತೀಯ ಅಂತ" ಎಂದರು.

"ಅವ್ವನ ಮಣ್ಣಲ್ಲಿ ಭಾಷಣ ಮಾಡ್ತಾರೇನಣ್ಣ ಯಾರಾದ್ರೂ?"

"ತಪ್ಪಾಯ್ತು."

ಮೇಷ್ಟ್ರ ಬಾಯಲ್ಲಿ ಆ ಪದ ನಾನು ಕೇಳಿದ್ದು ಅದೊಂದೇ ಸಲ. ಹೆಂಡತಿ ತಂದಿಟ್ಟಿದ್ದ ಮೊರದತ್ತ ತಮ್ಮ ಬಾಗಿದರು. ಒಂದು ಕಡ್ಲೆಕಾಯಿ ಬಿಡಿಸಿ, ತಿನ್ನದೆ ಕೈಯಲ್ಲೇ ಇಟ್ಟುಕೊಂಡರು. ಕೊನೆಗೆ ಲೇಖನದ ಕಡೆ ಬೆರಳು ತೋರಿಸಿ ಹೇಳಿದರು. "ದೀಪ ಆರ್ದಂಗೆ ಅನ್ನೋದು ನಮ್ಮೋರ ಮಾತೇ. ಆದ್ರೆ ಆರೋದು ಮನುಷ್ಯ ಅಲ್ಲ. ಅವ್ನೊಳಗಿನ ಉರಿ. ಹಸೂಗೆ ಜ್ವರ ಬಿಟ್ಮೇಲೆ ನೋಡಿದೀಯಾ? ಕಿವಿ ತಣ್ಣಗಾಗುತ್ತೆ, ಎದ್ದು ಮೇವಿಗೆ ಬಾಯಿ ಹಾಕುತ್ತೆ. ಅಂಗೆ. ಜ್ವರ ಹೋಯ್ತು ಅಂದ್ರೆ ಹಸು ಹೋಯ್ತು ಅಂತಲ್ಲ."

ಮೇಷ್ಟ್ರು ನನ್ನ ಜೇಬಿನಿಂದ ಪೆನ್ನು ಕಿತ್ತುಕೊಂಡು ಎರಡು ಸಾಲು ಹೊಡೆದು ಹಾಕಿ, ಜ್ವರ ಇಳಿದಂತೆ ಎಂದು ಬರೆದರು. ಬರೆದು ತಲೆಯೆತ್ತಿದಾಗ ಹಳೆಯ ಮೇಷ್ಟ್ರೇ ಆಗಿದ್ದರು. "ಒಂದ್ಮಾತು. ಜ್ವರ ಬಿಡ್ಸೋಕೆ ವೈದ್ಯ ಬೇಕು. ರೋಗಿ ತಾನೇ ಏಳಕ್ಕಾಗಲ್ಲ, ಅವ್ನು ಬಂದು ಕೈ ಹಿಡಿದು ಎಬ್ಬಿಸ್ಬೇಕು. ಅದು ನನ್ನ ನಂಬಿಕೆ. ಅದನ್ನ ಹೊಡೆಯಲ್ಲ."

"ಹೊಡೀಬೇಡ. ನಮ್ಮಲ್ಲೂ ವೈದ್ಯ ಬಂದಿದ್ದ. ಮದ್ದು ಹೇಳ್ಕೊಟ್ಟು ಹೋದ. ಕುಡಿಯೋದು ಮಾತ್ರ ನಾವೇ."

"ಕಾಂಪೌಂಡರ್ ಬುದ್ಧಿ" ಎಂದರು ಮೇಷ್ಟ್ರು.

"ಮೇಷ್ಟ್ರ ಬುದ್ಧಿಗಿಂತ ವಾಸಿ."

ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು. ತುತ್ತೆತ್ತುವ ಮೊದಲು ಮೇಷ್ಟ್ರು ಎಂದಿನಂತೆ ಕಣ್ಣು ಮುಚ್ಚಿ ಪ್ರಾರ್ಥಿಸಿದರು. ಅವರ ತಮ್ಮ ಕಣ್ಣು ಮುಚ್ಚಲಿಲ್ಲ. ಆದರೆ ಅಣ್ಣ ಆಮೆನ್ ಅನ್ನುವವರೆಗೆ ಮುದ್ದೆ ಮುಟ್ಟಲಿಲ್ಲ.

ಲೇಖನ ಆ ವಾರವೇ ಅಚ್ಚಾಯಿತು. ವೈದ್ಯನ ಬಗ್ಗೆ ಅಣ್ಣ ತಮ್ಮ ಆಡಿದ ಮಾತುಗಳನ್ನು ಕೊನೆಯಲ್ಲಿ ಹಾಗೆಯೇ ಹಾಕಿದೆ. ಮೇಷ್ಟ್ರು ಆ ಕಡೆ ವಾಲಿಬಿಟ್ಟರಾ ಎಂದು ಸಭೆಯ ಹಿರಿಯರೊಬ್ಬರು ಕೇಳಿದ್ದಕ್ಕೆ, "ಬಗ್ಗಿ ನೋಡ್ದೆ, ಬೀಳ್ಲಿಲ್ಲ" ಎಂದರಂತೆ. ಅಲ್ಲಿಂದ ಮುಂದೆ ತಿಂಗಳಿಗೊಂದು ಸಲವಾದರೂ ಪಾವಗಡಕ್ಕೆ ಹೋಗುತ್ತಿದ್ದರು. ವಾಂತಿಯಾದರೂ ಹೋಗುತ್ತಿದ್ದರು. ಕ್ರಿಸ್‌ಮಸ್‌ಗೆ ತಮ್ಮನ ಸಂಸಾರ ಮಧುಗಿರಿಗೆ ಬರುತ್ತಿತ್ತು. ಇಬ್ಬರ ವಾದ ಬೀದಿಗೆ ಕೇಳಿಸುತ್ತಿತ್ತು...

ಮೇಷ್ಟ್ರು ತೀರಿಕೊಂಡು ಎರಡು ವರ್ಷವಾಯಿತು. ಕೆಂಪು ಸುತ್ತುಗಳಿಲ್ಲದ ಸಂಚಿಕೆ ನನ್ನ ಮೇಜಿನ ಮೇಲೆ ಈಗಲೂ ಬೋಳಾಗಿ ಕಾಣುತ್ತದೆ.

ಮೊನ್ನೆ ಅವರ ತಮ್ಮ ಫೋನ್ ಮಾಡಿದ್ದರು. ಯೇಸುವಿನ ಬಗ್ಗೆ ಎಂಟು ಪುಟ ಬರೆದಿದ್ದಾರೆ. ಅಣ್ಣ ಇದ್ದಾಗಲೇ ಶುರುಮಾಡಿದ್ದು, ಈಗ ಮುಗಿಯಿತು ಎಂದರು. ಕಳಿಸಿ, ಸಭಾಪಾಲಕರಿಗೆ ಓದಿ ಹೇಳಿ ಹಾಕೋಣ ಎಂದೆ.

"ಅವ್ರು ಒಳ್ಳೇರು ಸಾರ್. ಚೆನ್ನಾಗೈತೆ ಅಂದ್ಬುಡ್ತಾರೆ" ಎಂದರು. "ಜಗಳ ಆಡೋರು ಬೇಕಿತ್ತು."

ಭಾನುವಾರ ನಾನೇ ಬರುತ್ತೇನೆ, ಓದಿ ಹೇಳಿ ಎಂದೆ.