ಬೋಣಿಯಾಗದೆ ತೆಗೆಯಬಾರದ ಕ್ಲಿಪ್ಪು

ರಾಯದುರ್ಗದಲ್ಲಿ ನಾನೂ ನಮ್ಮಣ್ಣನೂ ಗಾಡಿ ಸ್ಕ್ಯಾನಿಂಗ್ ಅಂಗಡಿ ಇಟ್ಟಿದ್ದೇವೆ. ಅಲ್ಲಿ ಲಾಜಿಕ್ ಅನಲೈಸರ್ ಎಂಬ, ಬೆಂಕಿಪೊಟ್ಟಣದಷ್ಟಿರುವ ಒಂದು ಡಬ್ಬಿ ಇದೆ. ಅದನ್ನು ಕಂಡರೆ ನನಗೆ ಈಗಲೂ ಹೇಸಿಗೆಯಾಗುತ್ತದೆ. ಅದಕ್ಕೆ ನಾವು ಮಾಡಿದ ಪೂಜೆ ನೆನೆದರಂತೂ ಇನ್ನೂ ಹೇಸಿಗೆ.

ಹಳೆಯ ಗಾಡಿಗಳಲ್ಲಿ ಗಾಡಿಯ ಕಂಪ್ಯೂಟರು, ದೋಷ ಹುಡುಕುವ ನಮ್ಮ ಸ್ಕ್ಯಾನರಿನ ಜೊತೆ ಒಂದೇ ತಂತಿಯಲ್ಲಿ ಮಾತಾಡುತ್ತದೆ. ಆ ಮಾತು ಆಗಾಗ ನಡುವೆಯೇ ಕಡಿದುಹೋಗುತ್ತದೆ. ಎಲ್ಲಿ ಕಡಿಯಿತೆಂದು ಲ್ಯಾಪ್‌ಟಾಪಿನಲ್ಲಿ ಗೆರೆ ಎಳೆದು ತೋರಿಸುವುದು ಈ ಡಬ್ಬಿಯ ಕೆಲಸ. ಕೊರಿಯರಿನಲ್ಲಿ ಬಂದ ದಿನವೇ ಅಣ್ಣ ಅದಕ್ಕೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದ. ನಮ್ಮ ಅಂಗಡಿಯಲ್ಲಿ ಹೊಸ ಸಾಮಾನಿಗೆ ಒಂದು ಕಟ್ಟಳೆಯಿದೆ. ಮೊದಲ ಗಾಡಿಗೆ ಹಚ್ಚಿದ ಮೇಲೆ, ಆ ಕೆಲಸ ಮುಗಿದು ಬೋಣಿಯಾಗುವತನಕ ಅದನ್ನು ಬಿಚ್ಚುವಂತಿಲ್ಲ. ಜಾಕಿಯಂಥ ಸಾಮಾನಾದರೆ ಈ ಕಟ್ಟಳೆಯಿಂದ ತೊಂದರೆಯೇನೂ ಆಗುವುದಿಲ್ಲ; ಈ ಡಬ್ಬಿಯ ಮಾತು ಬೇರೆ.

ಮೊದಲು ಬಂದದ್ದು ಬೊಮ್ಮನಹಾಳ್ ಕಡೆಯ ಒಬ್ಬ ಹೆಣ್ಣುಮಗಳ ವ್ಯಾನು. ನಾಟಿಗೆ ಹೋಗುವ ಹೆಂಗಸರನ್ನು ಕಾಲುವೆ ಬಯಲಿಗೆ ಅವಳೇ ಓಡಿಸಿಕೊಂಡು ಹೋಗುತ್ತಿದ್ದಳು. ಗಾಡಿ ನಡುದಾರಿಯಲ್ಲಿ ನಿಂತುಬಿಡುತ್ತಿತ್ತು.

"ಜಲ್ದಿ ಮಾಡಿಕೊಡ್ರಿ ಅಣ್ಣಾರ. ನಾಟಿ ಟೈಮಿನ್ಯಾಗ ಎರಡು ದಿನ ಹೋಗಲಿಲ್ಲಂದ್ರ ಅವ್ರು ಬ್ಯಾರೆ ಗಾಡಿ ಹಿಡೀತಾರ್ರಿ. ಆಮ್ಯಾಲ ನನ್ನ ಗಾಡಿ ಯಾರೂ ಹತ್ತಂಗಿಲ್ಲ" ಎಂದಳು.

ಅಣ್ಣ ಭಕ್ತಿಯಿಂದ ಆ ತಂತಿಗೆ ಡಬ್ಬಿಯ ಕ್ಲಿಪ್ಪು ಕಚ್ಚಿಸಿದ. ಸ್ಕ್ಯಾನರು ಹಚ್ಚಿದರೆ, ಗಾಡಿಯ ಕಂಪ್ಯೂಟರು ಉತ್ತರ ಕೊಡುತ್ತಿಲ್ಲ ಎಂದು ಬಂತು. ಮತ್ತೆ ಮತ್ತೆ ಹಚ್ಚಿದರೂ ಅದೇ. "ಕಂಪ್ಯೂಟರ್ ಸತ್ತೈತಿ" ಎಂದು ಅಣ್ಣ ತೀರ್ಪು ಕೊಟ್ಟ. ಅವಳ ಮುಖ ಸಣ್ಣದಾಯಿತು.

ನನಗೆ ನಂಬಿಕೆ ಬರಲಿಲ್ಲ. ಕಂಪ್ಯೂಟರು ಸತ್ತಿದ್ದರೆ ಗಾಡಿ ಸ್ಟಾರ್ಟ್ ಆಗುವುದು ಹೇಗೆ? ಅರ್ಥಿಂಗ್ ಬದಲಿಸಿದೆ, ಸಾಫ್ಟ್‌ವೇರ್ ಮತ್ತೆ ಹಾಕಿದೆ, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿದೆ. ಏನೂ ಆಗಲಿಲ್ಲ.

"ಅಣ್ಣ, ಆ ಕ್ಲಿಪ್ಪು ಒಮ್ಮೆ ತೆಗ್ದು ನೋಡೋಣ."

"ಬುದ್ಧಿ ಐತೇನಲೇ? ಬೋಣಿ ಆಗದ ಹೊಸ ಸಾಮಾನು ತೆಗೀತಾರೇನು?"

ಅಣ್ಣನಿಗೆ ಎದುರಾಡಿ ನಮ್ಮ ಮನೆಯಲ್ಲಿ ಯಾರಿಗೂ ಅಭ್ಯಾಸವಿಲ್ಲ. ಹೀಗೆ ಎರಡು ದಿನ ಹೋಯಿತು. ಅವಳು ಬಂದು ಬೆಂಚಿನ ಮೇಲೆ ಕೂರುವಳು, ಎದ್ದು ಹೋಗುವಳು. ಅಣ್ಣ ದಿನವೂ ಡಬ್ಬಿಗೆ ಹೊಸ ಹೂವು ಏರಿಸುವನು. ನಾನು ಕೈಕಟ್ಟಿಕೊಂಡು ನಿಂತು ಅದನ್ನು ನೋಡುತ್ತಿದ್ದೆ.

ಮೂರನೆಯ ದಿನ ಅಣ್ಣ ಟೀ ಕುಡಿಯಲು ಹೋದಾಗ ಆ ತಂತಿಗೆ ವೋಲ್ಟ್ ಅಳೆಯುವ ಮೀಟರು ಹಿಡಿದೆ. ಸುಮ್ಮನಿದ್ದಾಗ ಆ ತಂತಿಯಲ್ಲಿ ಬ್ಯಾಟರಿಯಷ್ಟೇ, ಹನ್ನೆರಡು ವೋಲ್ಟ್ ಇರಬೇಕು. ಇದ್ದದ್ದು ಐದರ ಆಸುಪಾಸು. ಕ್ಲಿಪ್ಪು ಕಿತ್ತೆ. ಮೀಟರು ಹನ್ನೆರಡಕ್ಕೆ ಹಾರಿತು, ಸ್ಕ್ಯಾನರು ಮಾತಾಡಿತು. ಡಬ್ಬಿ ತಯಾರಾದದ್ದೇ ಐದು ವೋಲ್ಟಿಗೆ. ಹೆಚ್ಚಿನದನ್ನೆಲ್ಲ ಅದು ಕೆಳಗೆಳೆಯುತ್ತಿತ್ತು. ಮಾತು ಕೇಳಿಸಿಕೊಳ್ಳಲು ತಂದದ್ದು ಮಾತಾಡುವವರ ಬಾಯಿಯನ್ನೇ ಮುಚ್ಚಿತ್ತು. ನಡುವೆ ಎರಡು ರೆಸಿಸ್ಟರ್ ಹಾಕಿ ವೋಲ್ಟ್ ತಗ್ಗಿಸಿಕೊಟ್ಟ ಮೇಲೆ ಡಬ್ಬಿಯೂ ತೆಪ್ಪಗೆ ಗೆರೆ ಎಳೆಯಿತು.

ಗಾಡಿಗೆ ಆಗಿದ್ದದ್ದು ಇಷ್ಟೇ: ಎಂಜಿನ್ ಪಕ್ಕದ ಒಂದು ಸೆನ್ಸರಿನ ವೈರು ಉಜ್ಜಿ ಸವೆದಿತ್ತು. ಟೇಪು ಸುತ್ತುವಷ್ಟರಲ್ಲಿ ಸರಿಹೋಯಿತು.

ಅವಳು ಬಂದಾಗ ಅಣ್ಣ ನನಗಿಂತ ಮುಂದೆ ಹೋಗಿ, "ಸತ್ತ ಕಂಪ್ಯೂಟರಿಗೆ ಜೀವ ಕೊಟ್ಟೀವಿ ನೋಡಕ್ಕ" ಎಂದ. ನಾಚಿಕೆ ಎಂಬುದು ಅವನಿಗೆ ಇರಲಿಲ್ಲ.

"ಸುಳ್ಳಕ್ಕ. ಕಂಪ್ಯೂಟರ್ ಚೆನ್ನಾಗೇ ಇತ್ತು. ಎರಡು ದಿನ ಕೆಡಿಸಿದ್ದು ನಮ್ಮ ಡಬ್ಬಿ" ಎಂದೆ. ಅಣ್ಣನ ಮುಖದ ಕಡೆ ನೋಡಲಿಲ್ಲ.

ಅವಳು ಗಾಡಿ ಹತ್ತಿದಳು. ಸ್ಟೇರಿಂಗ್ ಹಿಂದೆ ಕೂತು ಚಾವಿ ತಿರುವಿದಳು. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ನಾನು ಹಿಂದಿನ ಬಾಗಿಲು ಹಾಕಲು ಹೋದೆ. ಸೀಟುಗಳ ಮೇಲೆ ಒಣಗಿದ ಗದ್ದೆ ಕೆಸರು ಇನ್ನೂ ಅಂಟಿಕೊಂಡಿತ್ತು.

"ನಾಳೆಯಿಂದ ನಾಟಿಗೆ ಹೊಂಟ್ರೇನಕ್ಕ?"

"ಯಾರನ್ನ ಕರ್ಕೊಂಡು ಹೋಗ್ಲಣ್ಣ? ಮುಂಜಾನೆ ನಮ್ಮ ಮನಿ ಮುಂದನ ಬ್ಯಾರೆ ಗಾಡಿ ಹತ್ತಿ ಹೋದ್ರು."