ಏಳಬೇಡ ಅಂದವನಿಗಾಗಿ ಕಾದು ಕೂತ ಲಾಯ್ಡ್

ಬೆಳಗಿನ ಐದೂವರೆ. ಓಹಾಯೋ ನದಿಯ ಮಂಜು ಬೇಲಿ ದಾಟಿ ಬೇಸ್‌ಬಾಲ್ ಮೈದಾನದ ಹುಲ್ಲಿನ ಮೇಲೆ ಹರಡಿದೆ. ಎಡ ಮೂಲೆಯಲ್ಲಿ, ಆಟಕ್ಕೆ ಮುಂಚೆ ಚೆಂಡೆಸೆಯುವ ಪಿಚರ್‌ಗಳು ತೋಳು ಸಡಿಲಿಸಿಕೊಳ್ಳುವ ಉದ್ದನೆಯ ಅಂಗಳದಲ್ಲಿ, ಲಾಯ್ಡ್ ಪೆಟ್ರಾಕ್ ಕುಕ್ಕರಗಾಲಲ್ಲಿ ಕೂತಿದ್ದಾನೆ. ಮುಖಕ್ಕೆ ಕಂಬಿಯ ಮುಸುಕು, ಎಡಗೈಗೆ ದಪ್ಪ ಚರ್ಮದ ಗ್ಲೌಸು. ಅರವತ್ತು ಅಡಿ ಆಚೆ, ಪಿಚರ್ ನಿಲ್ಲುವ ಮಣ್ಣಿನ ದಿಬ್ಬದ ಮೇಲೆ ಯಾರೂ ಇಲ್ಲ. ಆದರೂ ಗ್ಲೌಸಿನಿಂದ ಥಪ್ ಎಂದು ಸದ್ದು ಬರುತ್ತದೆ.

ಹುಲ್ಲಿಗೆ ನೀರು ಬಿಡುತ್ತಿರುವ ಮೈದಾನದ ಕೆಲಸಗಾರ ಆರ್ಲೊ ತಲೆ ಎತ್ತುವುದೂ ಇಲ್ಲ. ಆರು ವರ್ಷದಿಂದ ಇದನ್ನು ಕೇಳುತ್ತಿದ್ದಾನೆ. ನಾನು ಮಾತ್ರ ಮೊದಲ ಸಲ ಕೇಳಿದಾಗ ಎರಡು ಹೆಜ್ಜೆ ಹಿಂದೆ ಸರಿದಿದ್ದೆ. ಆಮೇಲೆ ಲಾಯ್ಡ್ ಗ್ಲೌಸು ಬಿಚ್ಚಿ ತೋರಿಸಿದ್ದ. ಒಳಗೆ ಚೆಂಡಿರಲಿಲ್ಲ, ಅಂಗೈ ಮಾತ್ರ ಕೆಂಪಾಗಿತ್ತು.

ಲಾಯ್ಡ್‌ಗೆ ಮೂವತ್ತೆಂಟು. ನಮ್ಮೂರಿನ ಹೆರನ್ಸ್ ತಂಡದಲ್ಲಿ ಹನ್ನೊಂದು ವರ್ಷದಿಂದ ಎರಡನೇ ಕ್ಯಾಚರ್, ಅಂದರೆ ಪಿಚರ್ ಎಸೆದದ್ದನ್ನು ಕೂತು ಹಿಡಿಯುವವನು. ಮೊದಲನೆಯವನಿಗೆ ಸುಸ್ತಾದರೆ, ಪೆಟ್ಟಾದರೆ ಇವನು. ಆರು ಆಟಕ್ಕೊಮ್ಮೆ ಕಣಕ್ಕಿಳಿದರೆ ಅದೇ ಹೆಚ್ಚು. ಮಿಕ್ಕ ದಿನಗಳಲ್ಲಿ ಈ ಮೂಲೆಯಲ್ಲಿ ಕೂತು ಬೇರೆಯವರ ತೋಳು ಹದ ಮಾಡುವುದೇ ಕೆಲಸ. ದಿನಕ್ಕೆ ನೂರೆಂಬತ್ತು ಚೆಂಡು ಹಿಡಿಯುತ್ತಾನೆ, ಮುನ್ನೂರು ಸಲ ಕೂತು ಏಳುತ್ತಾನೆ. ಬಲಗೈ ಹೆಬ್ಬೆರಳು ನಾಲ್ಕು ಸಲ ಮುರಿದು ಈಗ ನದಿಯ ಕಡೆ ತಿರುಗಿ ನಿಂತಿದೆ. ಹನ್ನೊಂದು ವರ್ಷದಲ್ಲಿ ಚೆಂಡನ್ನು ಮೈದಾನದಾಚೆ ಹೊಡೆದ ಹೋಂ ರನ್ ಒಂಬತ್ತು. ಎಡಗಡೆಯ ಮರದ ಮೆಟ್ಟಿಲ ಮೇಲೆ ಕೂರುವ ನಮಗೆ ಒಂಬತ್ತೂ ಬಾಯಿಪಾಠ.

ನಮ್ಮದೊಂದು ಪದ್ಧತಿಯಿದೆ. ಲಾಯ್ಡ್ ಕಣಕ್ಕಿಳಿದ ದಿನ, ಅವನು ಮೊದಲ ಚೆಂಡಿಗೆ ಕೂತಾಗ ನಾವೆಲ್ಲ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂರುತ್ತೇವೆ. ಎಪ್ಪತ್ತರ ಮುದುಕರೂ ಹಾಟ್‌ಡಾಗ್ ಹಿಡಿದುಕೊಂಡೇ ಕೂರುತ್ತಾರೆ, ಏಳುವಾಗ ಪಕ್ಕದವರ ಹೆಗಲು ಹುಡುಕುತ್ತಾರೆ. ಲಾಯ್ಡ್ ಒಂದು ದಿನವೂ ಇತ್ತ ತಿರುಗಿ ನೋಡಿದವನಲ್ಲ. ಕಿವಿ ಕೆಂಪಾಗುವುದು ಮಾತ್ರ ನಮಗೆ ಕಾಣುತ್ತದೆ.

ಪಿಚರ್ ಮತ್ತು ಕ್ಯಾಚರ್ ನಡುವೆಯೂ ಒಂದು ಕಟ್ಟಳೆಯಿದೆ. ಪಿಚರ್ ಬಾಯಿಬಿಟ್ಟು 'ಕೊನೇದು' ಅನ್ನುವವರೆಗೆ ಕ್ಯಾಚರ್ ಏಳುವಂತಿಲ್ಲ. ಆ ಕೊನೆಯದು ಸರಿಯಾದ ಜಾಗಕ್ಕೆ ಬಂದು ಸ್ಟ್ರೈಕ್ ಆಗಬೇಕು, ಕೆಟ್ಟರೆ ಇನ್ನೊಂದು ಎಸೆಯಬೇಕು. ಕೆಟ್ಟ ಎಸೆತದ ಮೇಲೆ ದಿನ ಮುಗಿಸಬಾರದು.

ಆರು ವರ್ಷದ ಹಿಂದೆ, ಇದೇ ಹೊತ್ತಿನಲ್ಲಿ, ಡೆಸ್ಮಂಡ್ ಕೋಲ್ ಆ ದಿಬ್ಬದ ಮೇಲಿದ್ದ. ಮೊಣಕೈ ಶಸ್ತ್ರಚಿಕಿತ್ಸೆ ಆಗಿ ಮತ್ತೆ ಎಸೆಯಲು ಕಲಿಯುತ್ತಿದ್ದ ಪಿಚರ್. ಹತ್ತೊಂಬತ್ತನೆಯ ಎಸೆತವಾದ ಮೇಲೆ ಗಾಳಿಗೆ ಅವನ ಟೋಪಿ ಹಾರಿ ಬೇಲಿಯಾಚೆ ನದಿದಡಕ್ಕೆ ಬಿತ್ತು.

"'ಏಳ್ಬೇಡ ಲಾಯ್ಡ್, ಈಗ್ಬಂದೆ' ಅಂದ," ಎಂದು ಲಾಯ್ಡ್ ಹೇಳುತ್ತಾನೆ. "ನಾನು ಏಳ್ಲಿಲ್ಲ. ಇಪ್ಪತ್ತು ನಿಮಿಷ ಹಂಗೇ ಕೂತಿದ್ದೆ. ಮಾತು ಅಂದ್ರೆ ಮಾತಲ್ವಾ."

ಡೆಸ್ಮಂಡ್ ಎರಡು ದಿನದ ಮೇಲೆ ಕೆಳಗಿನ ಸೇತುವೆ ಹತ್ತಿರ ನೀರಿನಲ್ಲಿ ಸಿಕ್ಕ. ಐದು ನಿಮಿಷಕ್ಕೇ ಎದ್ದು ಹೋಗಿದ್ದರೆ ಎಂದು ಲಾಯ್ಡ್‌ಗೆ ಯಾರೂ ಹೇಳಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಶವಸಂಸ್ಕಾರದ ಮರುದಿನ ಬೆಳಿಗ್ಗೆ ಅವನು ಇಲ್ಲಿ ಬಂದು ಕೂತ. ಸದ್ದು ಅವತ್ತೇ ಶುರುವಾಯಿತಂತೆ.

ಈಗ ಲಾಯ್ಡ್‌ನ ಮಂಡಿ ಸವೆದಿದೆ. ಈ ಸೀಸನ್ನಿಗೇ ತಂಡ ಅವನನ್ನು ಕೈಬಿಡುತ್ತಿದೆ. ನಾಳೆ ಅವನು ತಂಗಿಯ ಊರಿಗೆ ಹೊರಡುತ್ತಾನೆ, ಅಲ್ಲಿ ಶಾಲಾ ತಂಡಕ್ಕೆ ತರಬೇತಿ ಕೊಡುವ ಕೆಲಸ ಸಿಕ್ಕಿದೆ. ಹೋಗಲು ಇಷ್ಟವಿಲ್ಲವೇ ಎಂದು ಕೇಳಿದೆ. ಇಷ್ಟವಿದೆಯಂತೆ. "ಆದ್ರೆ ಅವ್ನು ಕೊನೇದು ಅಂದಿಲ್ವಲ್ಲ," ಅಂದ. "ನಾನೆದ್ದು ಹೋದ್ರೆ ಅವ್ನು ಯಾರಿಗೆ ಎಸೀಬೇಕು?"

ಅದಕ್ಕೇ ಇವತ್ತು ನಾವೆಲ್ಲ ಬಂದಿದ್ದೇವೆ. ಯಾರು ಕರೆದರೋ ಗೊತ್ತಿಲ್ಲ. ಮುನ್ನೂರು ಜನ ಮಾತಿಲ್ಲದೆ ಗೇಟು ದಾಟಿ, ಆ ಅಂಗಳದ ಬೇಲಿಗುಂಟ ಮಂಜಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೇವೆ. ಮಂಡಿಗಳ ಲಟಕ್ ಸದ್ದು ಬಿಟ್ಟರೆ ಏನೂ ಇಲ್ಲ. ಥಪ್. ಸ್ವಲ್ಪ ಹೊತ್ತಿಗೆ ಮತ್ತೆ ಥಪ್. ನಾನು ಎಣಿಸುತ್ತಿದ್ದೇನೆ. ಹತ್ತೊಂಬತ್ತಕ್ಕೆ ನಿಲ್ಲುತ್ತದೆ. ಪ್ರತಿದಿನ ಅಲ್ಲಿಗೇ ನಿಲ್ಲುತ್ತದೆ ಎಂದು ಆರ್ಲೊ ಆಮೇಲೆ ಹೇಳಿದ. ಅದಾದ ಮೇಲೆ ಲಾಯ್ಡ್ ಇಪ್ಪತ್ತು ನಿಮಿಷ ಸುಮ್ಮನೆ ಕೂತಿದ್ದು, ಹಿಂದಿನ ಹಲಗೆ ಗೋಡೆ ಹಿಡಿದು ಏಳುತ್ತಾನಂತೆ.

ಇವತ್ತು ಆ ಮೌನದಲ್ಲಿ ಒಬ್ಬರು ಮಾತ್ರ ನಿಂತಿದ್ದಾರೆ. ಡೆಸ್ಮಂಡ್‌ನ ತಾಯಿ ಲೋರೀನ್ ಕೋಲ್. ಮಗ ಹೋದ ಮೇಲೆ ಅವರು ಈ ಮೈದಾನಕ್ಕೆ ಕಾಲಿಟ್ಟಿರಲಿಲ್ಲ. ಬೇಲಿಯ ಜಾಲರಿ ಹಿಡಿದು ಖಾಲಿ ದಿಬ್ಬದ ಕಡೆ ನೋಡುತ್ತಾ, ಅಡುಗೆಮನೆಯಿಂದ ಕರೆದಷ್ಟೇ ಸಹಜವಾಗಿ ಹೇಳುತ್ತಾರೆ:

"ಡೆಸ್, ಸಾಕು ಕಣಪ್ಪ. ಇದು ಕೊನೇದು."

ಲಾಯ್ಡ್ ಗ್ಲೌಸು ಎತ್ತುತ್ತಾನೆ. ಅವನ ಹಿಂದಿನ ಹಲಗೆ ಗೋಡೆ ಧಡ್ ಎಂದು ಅದುರುತ್ತದೆ, ತಲೆಯಿಂದ ಮೂರಡಿ ಮೇಲೆ. ದೂಳು ಉದುರುತ್ತದೆ. ನನ್ನ ಪಕ್ಕದಲ್ಲಿ ಯಾರೋ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ಒಬ್ಬರೂ ಏಳುವುದಿಲ್ಲ, ಲಾಯ್ಡ್ ಕೂಡ. ಕೊನೆಯದು ಕೆಟ್ಟಿತ್ತಲ್ಲ.

ಲೋರೀನ್‌ಗೆ ಈಗ ನಿಜವಾಗಿಯೂ ಸಿಟ್ಟು. "ಆ ಮನುಷ್ಯನ ಮಂಡಿ ನೋಡೋ," ಅನ್ನುತ್ತಾರೆ. "ಇನ್ನೊಂದು ಎಸಿ. ಸರಿಯಾಗಿ ಎಸಿ."

ತುಂಬ ಹೊತ್ತು ಏನೂ ಇಲ್ಲ. ನದಿಯ ಕಡೆಯಿಂದ ಸಣ್ಣ ಗಾಳಿ ಬಂದು ದಿಬ್ಬದ ಮಣ್ಣು ಸ್ವಲ್ಪ ಕದಡುತ್ತದೆ. ಆಮೇಲೆ ಥಪ್. ಅಂಥ ಸದ್ದನ್ನು ನಾನು ಈ ಮೈದಾನದಲ್ಲಿ ಮೊದಲು ಕೇಳಿರಲಿಲ್ಲ.

ಲಾಯ್ಡ್ ಗೋಡೆ ಹಿಡಿಯದೆ ಏಳುತ್ತಾನೆ. ಅವನ ಹಿಂದೆಯೇ ನಾವೆಲ್ಲ ಒಬ್ಬರ ಹೆಗಲು ಒಬ್ಬರು ಹಿಡಿದು ಏಳುತ್ತೇವೆ. ಚಪ್ಪಾಳೆ ತಟ್ಟುವುದು ಯಾರಿಗೂ ತೋಚುವುದಿಲ್ಲ. ಅವನು ಮುಸುಕು ತೆಗೆದು ನೇರ ಬೇಲಿಯ ಹತ್ತಿರ ಹೋಗಿ, ಜಾಲರಿಯ ಆಚೆಯಿಂದ ಆ ತಾಯಿಗೆ ಕೆಂಪಾದ ಅಂಗೈ ತೋರಿಸುತ್ತಾನೆ.

"ಸ್ಟ್ರೈಕು, ಮಿಸೆಸ್ ಕೋಲ್," ಅನ್ನುತ್ತಾನೆ. "ಮೊಣಕಾಲಿನ ಎತ್ತರಕ್ಕೆ, ಕರೆಕ್ಟಾಗಿ. ನಾನು ಗ್ಲೌಸು ಒಂದಿಂಚೂ ಅಲ್ಲಾಡಿಸ್ಲಿಲ್ಲ."